ಗದ್ದೆಯ ಹಸಿರು ಪ್ಲಾಸ್ಟಿಕ್ ತರಹ ಕಾಣುತ್ತಿದೆ: ತೈಲವರ್ಣ ಕಲಿಯುತ್ತಿದ್ದೇನೆ, ತಿಳಿದವರು ಹೇಳಿ

ಗದ್ದೆಯಂಚು:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು, ಅಂಚೆ ಕಚೇರಿಯಲ್ಲಿ ಕೆಲಸ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಎರಡೂ ಪಾಸು ಮಾಡಿದ್ದೆ. ಆಮೇಲೆ ಬ್ರಷ್ ಹಿಡಿದದ್ದು ಊರಿನ ಗಣಪತಿ ಮಂಟಪಕ್ಕೆ ಪರದೆ ಬರೆಯುವಾಗ ಮಾತ್ರ. ಈಗ ಮಗಳು ಓದಲು ಶಿವಮೊಗ್ಗಕ್ಕೆ ಹೋಗಿದ್ದಾಳೆ, ಸಂಜೆ ಹೊತ್ತು ಉಳಿಯುತ್ತದೆ. ಜಲವರ್ಣ ಸ್ವಲ್ಪ ಗೊತ್ತಿದ್ದ ಧೈರ್ಯದಿಂದ ಕ್ಯಾಮ್ಲಿನ್ ಎಣ್ಣೆ ಬಣ್ಣದ ಪೆಟ್ಟಿಗೆ, ಒಂದಿಷ್ಟು ಕ್ಯಾನ್ವಾಸ್ ಬೋರ್ಡು ತರಿಸಿಕೊಂಡು ಕೂತಿದ್ದೇನೆ.

ಬರೆಯಬೇಕೆಂದಿರುವುದು ನಮ್ಮ ಮನೆಯ ಜಗುಲಿಯಿಂದ ಕಾಣುವ ನೋಟ. ಎದುರಿಗೆ ಉಳುಮೆ ಮುಗಿಸಿ ನೀರು ನಿಲ್ಲಿಸಿದ ಗದ್ದೆ, ಎಡಗಡೆ ಸಸಿ ಮಡಿ, ಅದರಾಚೆ ಹಂಚಿನ ಕೊಟ್ಟಿಗೆ, ಕೊಟ್ಟಿಗೆಯ ಪಕ್ಕಕ್ಕೆ ಒಂದು ಬಾಳೆ ಹಿಂಡು, ಹಿಂದೆ ಅಡಿಕೆ ತೋಟ. ತೋಟದ ಮೇಲೆ ಒಂದರ ಹಿಂದೆ ಒಂದು ಗುಡ್ಡ. ನವ್ಯ, ಅಮೂರ್ತ ಇವೆಲ್ಲ ನನಗೆ ಬೇಡ. ಕಂಡದ್ದು ಕಂಡಹಾಗೆ ಬರಬೇಕು. ನೋಡಿದವರು ‘ಇದು ನಿಮ್ಮ ಕೆಳಗದ್ದೆ ಅಲ್ಲವೇ’ ಎನ್ನಬೇಕು. ಅಂಗಡಿಯ ಕ್ಯಾಲೆಂಡರಿನ ಹಳ್ಳಿ ಆಗಬಾರದು.

ಆದರೆ ಆಗುತ್ತಿರುವುದು ಕ್ಯಾಲೆಂಡರೇ. ಪೆಟ್ಟಿಗೆಯಲ್ಲಿದ್ದ ಸ್ಯಾಪ್ ಗ್ರೀನ್, ವಿರಿಡಿಯನ್ ಎರಡಕ್ಕೂ ಹಳದಿ ಬೆರೆಸಿ ನೋಡಿದೆ. ಏನು ಮಾಡಿದರೂ ಹಸಿರು ಪ್ಲಾಸ್ಟಿಕ್ ತರಹ ಹೊಳೆಯುತ್ತದೆ. ಗುಡ್ಡಗಳು ಹಿಂದಕ್ಕೆ ಸರಿಯುವುದಿಲ್ಲ, ಅಡಿಕೆ ಮರದ ತಲೆಯ ಮೇಲೇ ಕೂತಿವೆ. ಗದ್ದೆಯ ನೀರಿಗೆ ನೀಲಿ ಹಚ್ಚಿದರೆ ನೆಲಕ್ಕೆ ನೀಲಿ ಬಳಿದ ಹಾಗಿದೆ, ನೀರು ಅನ್ನಿಸುವುದಿಲ್ಲ. ಇದರ ಮೇಲೆ ಮಳೆಗಾಲ. ಬಿಳಿ ಸೇರಿದ ಭಾಗವೆಲ್ಲ ವಾರ ಕಳೆದರೂ ಬೆರಳಿಗೆ ಅಂಟುತ್ತದೆ. ಪಕ್ಕದ ಮನೆಯವರು ಸೀಮೆಎಣ್ಣೆ ಬೆರೆಸಿ ಎನ್ನುತ್ತಾರೆ. ಬಚ್ಚಲ ಒಲೆಯ ಹತ್ತಿರ ಇಟ್ಟರೆ ಒಣಗೀತು ಎಂದು ಮನೆಯವಳ ಸಲಹೆ.

ಇನ್ನೊಂದು. ಮೊಬೈಲಿನಲ್ಲಿ ಫೋಟೋ ತೆಗೆದು ಒಳಗೆ ಕೂತು ಬರೆಯುತ್ತಿದ್ದೇನೆ. ಹೊರಗೆ ಕೂತೇ ಬರೆಯಬೇಕು ಎಂದು ಕೆಲವರು ಹೇಳುತ್ತಾರೆ. ನಮ್ಮ ಕಡೆ ಜುಲೈ ತಿಂಗಳಲ್ಲಿ ಹೊರಗೆ ಕೂತು ಬರೆಯಿರಿ ಎನ್ನುವವರು ಆಗುಂಬೆ ಘಾಟಿಯ ಮಳೆ ನೋಡಿದವರಲ್ಲ ಎಂದೇ ನನ್ನ ಅನುಮಾನ. ಚಿತ್ರದ ಫೋಟೋ ಹಾಕಿದ್ದೇನೆ. ಮುಲಾಜಿಲ್ಲದೆ ಹೇಳಿ.

ಪರದೆಪೇಂಟರ್:

ಸರ್, ನಾನು ಮೈಸೂರಿನವನು. ಸಿನಿಮಾ ಬ್ಯಾನರ್, ಕಟ್‌ಔಟ್ ಬರೆದು ಹೊಟ್ಟೆ ಹೊರೆದವನು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಿಂತುಹೋಯಿತು, ಈಗ ದೇವಸ್ಥಾನದ ಗೋಡೆ, ಅಂಗಡಿ ಬೋರ್ಡು. ಕಲಾಶಾಲೆ ಓದಿದವನಲ್ಲ, ಕೈಗೆ ಗೊತ್ತಿರುವುದನ್ನು ಹೇಳುತ್ತೇನೆ.

ನಿಮ್ಮ ಬ್ರಷ್ ಚಿಕ್ಕದಾಯಿತು. ಅಡಿಕೆ ಗರಿಯನ್ನು ಒಂದೊಂದಾಗಿ ಎಳೆದಿದ್ದೀರಿ, ಫೋಟೋದಲ್ಲೇ ಕಾಣುತ್ತದೆ. ಅರ್ಧ ಚಿತ್ರ ಮುಗಿಯುವವರೆಗೆ ಒಂದು ಇಂಚಿನ ಬ್ರಷ್ಷಿಗಿಂತ ಸಣ್ಣದು ಮುಟ್ಟಬೇಡಿ. ಹಂದಿ ಕೂದಲಿನ ಗಟ್ಟಿ ಬ್ರಷ್ ತೆಗೆದುಕೊಳ್ಳಿ. ಜಲವರ್ಣದ ಮೆತ್ತನೆಯ ಬ್ರಷ್ ಎಣ್ಣೆ ಬಣ್ಣವನ್ನು ತಳ್ಳುವುದಿಲ್ಲ, ಬರೀ ಸವರುತ್ತದೆ. ತೋಟ ಅಂದರೆ ಮೊದಲು ಒಂದು ಕಪ್ಪನೆಯ ಗುಂಪು. ಗರಿ ಬೇಕಾದದ್ದು ಆ ಗುಂಪಿನ ಮೇಲಂಚಿನಲ್ಲಿ, ಆಕಾಶಕ್ಕೆ ತಾಗುವ ಕಡೆ ನಾಲ್ಕೈದು. ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ನಲವತ್ತು ಅಡಿ ಎತ್ತರದ ಹೀರೋ ಮುಖ ಬರೆಯುವಾಗ ನಾವು ರಸ್ತೆಯ ಆಚೆ ಬದಿಗೆ ಹೋಗಿ ನೋಡಿ ಬಂದು ಮತ್ತೆ ಹಚ್ಚುತ್ತಿದ್ದೆವು. ನೀವೂ ಎದ್ದು ಜಗುಲಿಯ ಆಚೆ ತುದಿಗೆ ಹೋಗಿ ನೋಡಿ. ಕೂತಲ್ಲೇ ಕೂತು ಬರೆದರೆ ಮೂಗಿನ ಮುಂದಿನದಷ್ಟೇ ಕಾಣುವುದು.

ಫೋಟೋದಿಂದ ದೊಡ್ಡದು ಮಾಡುವುದಾದರೆ ಫೋಟೋದ ಮೇಲೂ ಬೋರ್ಡಿನ ಮೇಲೂ ಚೌಕ ಹಾಕಿಕೊಳ್ಳಿ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಎರೆಮಣ್ಣು:

ಗದ್ದೆಯಂಚು ಅವರೇ, ನಾನು ಧಾರವಾಡ ಸೀಮೆಯವನು, ನಿವೃತ್ತ ಡ್ರಾಯಿಂಗ್ ಮಾಸ್ತರ. ಮುಲಾಜಿಲ್ಲದೆ ಹೇಳಿ ಎಂದಿದ್ದೀರಿ, ಅದು ನನಗೆ ಕಷ್ಟದ ಕೆಲಸವೇನಲ್ಲ.

ನಿಮ್ಮ ಚಿತ್ರದ ಫೋಟೋದಿಂದ ಬಣ್ಣ ತೆಗೆದುಹಾಕಿ ಕಪ್ಪು-ಬಿಳುಪು ಮಾಡಿ ನೋಡಿದೆ. ನೀವೂ ಮೊಬೈಲಿನಲ್ಲಿ ಹಾಗೆ ಮಾಡಿ. ಏನು ಕಾಣುತ್ತದೆ? ಗುಡ್ಡ, ತೋಟ, ಸಸಿ ಮಡಿ ಮೂರೂ ಒಂದೇ ಬೂದು. ಎಲ್ಲಿ ತೋಟ ಮುಗಿದು ಗುಡ್ಡ ಶುರುವಾಯಿತು ಎಂದು ಹುಡುಕಬೇಕು. ಗದ್ದೆಯ ನೀರು ಕೊಟ್ಟಿಗೆಯ ಗೋಡೆಗಿಂತ ಕಪ್ಪಾಗಿದೆ. ಇದನ್ನು ಇಟ್ಟುಕೊಂಡು ನೀವು ಹಸಿರನ್ನು ಬೈಯುತ್ತಿದ್ದೀರಿ. ಹಸಿರಿನ ತಪ್ಪು ಕಾಲುಭಾಗ ಮಾತ್ರ. ಮುಕ್ಕಾಲು ತಪ್ಪು ಯಾವುದು ಎಷ್ಟು ಬೆಳಕು, ಎಷ್ಟು ಕಪ್ಪು ಎನ್ನುವ ಲೆಕ್ಕದ್ದು. ಅದು ಸರಿಯಾದರೆ ಹಸಿರು ತುಸು ಹೆಚ್ಚುಕಡಿಮೆಯಾದರೂ ಗದ್ದೆ ಗದ್ದೆಯಾಗಿಯೇ ಕಾಣುತ್ತದೆ. ಅದು ತಪ್ಪಿದರೆ ಲಂಡನ್ನಿನಿಂದ ಬಣ್ಣ ತರಿಸಿದರೂ ಅಷ್ಟೇ.

ಲೆಕ್ಕ ಹೀಗೆ. ಬಯಲಿನಲ್ಲಿ ಬೆಳಕು ಆಕಾಶದಿಂದ ಬರುತ್ತದೆ, ಆದ್ದರಿಂದ ಆಕಾಶವೇ ಎಲ್ಲಕ್ಕಿಂತ ತಿಳಿ. ಆಕಾಶಕ್ಕೆ ಮುಖ ಮಾಡಿ ಮಲಗಿರುವ ನೆಲಕ್ಕೆ ಅದರ ನಂತರದ ಪಾಲು. ಓರೆಯಾಗಿರುವ ಇಳಿಜಾರಿಗೆ ಅದಕ್ಕಿಂತ ಕಡಿಮೆ. ನೆಟ್ಟಗೆ ನಿಂತ ಮರಕ್ಕೆ, ಗೋಡೆಗೆ ಎಲ್ಲಕ್ಕಿಂತ ಕಡಿಮೆ. ನಿಮ್ಮ ಸಸಿ ಮಡಿಯೂ ಹಸಿರೇ, ಅಡಿಕೆ ತೋಟವೂ ಹಸಿರೇ. ಒಂದು ಮಲಗಿದೆ, ಇನ್ನೊಂದು ನಿಂತಿದೆ. ಆದ್ದರಿಂದ ಮಡಿ ತಿಳಿ, ತೋಟ ಗಾಢ, ನಡುವೆ ಅನುಮಾನಕ್ಕೆ ಎಡೆಯಿರದಷ್ಟು ಅಂತರ. ಬಿಸಿಲು ಒಂದು ಕಡೆಯಿಂದ ಹೊಡೆಯುವಾಗ, ಬಿಳಿ ಗೋಡೆ ಇರುವಲ್ಲಿ ಈ ಲೆಕ್ಕ ತಪ್ಪುತ್ತದೆ. ಆದರೆ ಮಳೆಗಾಲದ ಮೋಡದ ಬೆಳಕಿಗೆ ಇದು ಚೆನ್ನಾಗಿ ಹೊಂದುತ್ತದೆ.

ಗುಡ್ಡದ ವಿಷಯ ಬೇರೆ, ಏಕೆಂದರೆ ನಡುವೆ ಗಾಳಿ ಇದೆ. ನಿಮ್ಮ ಕಡೆಯ ಗಾಳಿಯಲ್ಲಿ ನೀರೂ ಇದೆ. ದೂರ ಹೋದ ಹಾಗೆ ಕಪ್ಪು ಮೊದಲು ಸೋಲುತ್ತದೆ, ಮರದ ಬುಡದ ಕತ್ತಲೆಯೆಲ್ಲ ನೀಲಿ ಬೂದಿಗೆ ತಿರುಗುತ್ತದೆ. ಹಸಿರಿನಲ್ಲಿದ್ದ ಹಳದಿಯೂ ಬೇಗ ಕಳಚಿಕೊಳ್ಳುತ್ತದೆ. ಮೊದಲ ಗುಡ್ಡದಲ್ಲಿ ಹಸಿರಿದೆ ಎಂದು ಹೇಳಬಹುದು. ಎರಡನೆಯದರಲ್ಲಿ ಹಸಿರಿದೆ ಎನ್ನುವುದು ನಿಮಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಮೂರನೆಯದು ಆಕಾಶಕ್ಕಿಂತ ಒಂದೇ ಒಂದು ಮೆಟ್ಟಿಲು ಕೆಳಗೆ. ನೀವು ಮೂರಕ್ಕೂ ವಿರಿಡಿಯನ್ ಹಚ್ಚಿದ್ದೀರಿ. ‘ಗುಡ್ಡ ಅಂದರೆ ಕಾಡು, ಕಾಡು ಅಂದರೆ ಹಸಿರು’ ಎಂದು ತಲೆ ಹೇಳಿತು, ಕೈ ಕೇಳಿತು. ಕಣ್ಣನ್ನು ಯಾರೂ ಕೇಳಲಿಲ್ಲ.

ಕಣ್ಣನ್ನು ಕೇಳಲು ಸುಲಭದ ದಾರಿ ಇದೆ. ಬೂದು ಬಣ್ಣದ ರಟ್ಟಿನಲ್ಲಿ ಒಂದು ಚಿಕ್ಕ ತೂತು ಮಾಡಿ. ಒಂದು ಕಣ್ಣು ಮುಚ್ಚಿ ಆ ತೂತಿನಿಂದ ಗುಡ್ಡವನ್ನು ನೋಡಿ. ಗುಡ್ಡ ಎನ್ನುವ ವಸ್ತು ಕಾಣುವುದಿಲ್ಲ, ಒಂದು ಬಣ್ಣದ ಚುಕ್ಕೆ ಕಾಣುತ್ತದೆ. ಪ್ಯಾಲೆಟ್ ಮೇಲೆ ಅದನ್ನೇ ಕಲಸಿ, ಚಾಕುವಿನ ತುದಿಯಲ್ಲಿ ಎತ್ತಿ, ತೂತಿನ ಪಕ್ಕಕ್ಕೆ ಹಿಡಿದು ಹೋಲಿಸಿ. ನನ್ನ ವಿದ್ಯಾರ್ಥಿಗಳಲ್ಲಿ ಈ ರಟ್ಟು ನೋಡಿ ನಕ್ಕವರು ಬಹಳ. ಚುಕ್ಕೆ ಹೊಂದಿಸಿದ ಮೇಲೆ ನಗು ನಿಲ್ಲುತ್ತಿತ್ತು.

ಇನ್ನು ಬಣ್ಣ. ವಿರಿಡಿಯನ್, ಸ್ಯಾಪ್ ಗ್ರೀನ್ ಎರಡನ್ನೂ ಪೆಟ್ಟಿಗೆಯಲ್ಲೇ ಬಿಡಿ. ಟೈಟಾನಿಯಂ ವೈಟ್, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಪು ಕಂದು), ಅಲ್ಟ್ರಾಮರೀನ್ ನೀಲಿ ಇಷ್ಟರಲ್ಲೇ ಮೊದಲ ಕೆಲವು ಚಿತ್ರ ಮಾಡಿ. ಅಲ್ಟ್ರಾಮರೀನಿಗೆ ಸಿಯೆನ್ನಾ ಬೆರೆಸಿದರೆ ಅಂಗಡಿಯ ಕಪ್ಪಿಗಿಂತ ಜೀವಂತವಾದ ಗಾಢ ಬರುತ್ತದೆ, ಅದಕ್ಕೇ ಬಿಳಿ ಸೇರಿಸಿದರೆ ಮೋಡದ ಬೂದು. ಓಕರಿಗೆ ನೀಲಿ ಸೇರಿಸಿದರೆ ಮಂಕು ಹಸಿರು, ಕಾಡಿಗೆ ಅದೇ ಬೇಕಾದದ್ದು. ಈ ನಾಲ್ಕರಿಂದ ಸಸಿ ಮಡಿಯ ಹಸಿರು ಮಾತ್ರ ಹುಟ್ಟುವುದಿಲ್ಲ. ಅದಕ್ಕೊಂದು ಲೆಮನ್ ಯೆಲ್ಲೋ ಇಟ್ಟುಕೊಳ್ಳಿ, ಅದನ್ನು ಮಡಿಗೆ ಬಿಟ್ಟು ಬೇರೆಲ್ಲೂ ದಂಡಿಯಾಗಿ ಬಳಸಬೇಡಿ. ನಿಮ್ಮ ನೋಟದಲ್ಲಿ ಅಷ್ಟು ಉರಿಯುವ ಹಸಿರು ಇರುವುದು ಅದೊಂದೇ ಕಡೆ. ಅದು ಉರಿಯಬೇಕಾದರೆ ಸುತ್ತಲಿನದೆಲ್ಲ ಮಂಕಾಗಿರಬೇಕು. ಈಗ ನಿಮ್ಮ ಚಿತ್ರದಲ್ಲಿ ಎಲ್ಲವೂ ಉರಿಯುತ್ತಿದೆ, ಪ್ಲಾಸ್ಟಿಕ್ ಎಂದು ನಿಮಗೆ ಕಂಡದ್ದು ಅದೇ. ಇನ್ನೊಂದು ಹಸಿರು ಬೇಕಾದರೆ ಐವರಿ ಬ್ಲ್ಯಾಕಿಗೆ ಹಳದಿ ಬೆರೆಸಿ ನೋಡಿ. ಹಲಸಿನ ಎಲೆಯ, ಅಡಿಕೆ ತೋಟದ ಒಳಗಿನ ಹಸಿರು ಅದರಲ್ಲಿದೆ. ಹಸಿರನ್ನು ತಿಳಿ ಮಾಡಲು ಒಡನೆ ಬಿಳಿಗೆ ಕೈ ಹಾಕಬೇಡಿ. ಬಿಳಿ ಬಿದ್ದ ಹಸಿರು ತಣ್ಣಗಾಗಿ ಸುಣ್ಣದ ಕಡೆಗೆ ಹೋಗುತ್ತದೆ. ಮೊದಲು ಹಳದಿಯಿಂದ ತಿಳಿ ಮಾಡಿ.

ನಿಮ್ಮ ಕೊಟ್ಟಿಗೆಯ ಪಕ್ಕದ ಬಾಳೆ ಹಿಂಡನ್ನು ಹತ್ತಿರ ಹೋಗಿ ನೋಡಿ. ಒಂದೇ ಗಿಡದಲ್ಲಿ, ಒಂದೇ ಹೊತ್ತಿನಲ್ಲಿ ಮೂರು ಬೇರೆ ಬೇರೆ ಬಣ್ಣ ಇರುತ್ತವೆ. ಆಕಾಶಕ್ಕೆ ಮುಖ ಮಾಡಿ ಬಾಗಿದ ಎಲೆಯ ಮೇಲ್ಮೈ ಹೊಳಪಿನದು, ಆಕಾಶವನ್ನೇ ತೋರಿಸುತ್ತದೆ. ಅಲ್ಲಿ ಹಸಿರು ಕಡಿಮೆ, ಬೂದು ನೀಲಿ ಹೆಚ್ಚು. ನಿಮ್ಮ ಕಣ್ಣಿಗೂ ಆಕಾಶಕ್ಕೂ ನಡುವೆ ನಿಂತ ಎಲೆಯಲ್ಲಿ ಬೆಳಕು ಹಿಂದಿನಿಂದ ಸೋಸಿ ಬರುತ್ತದೆ. ಅದು ಬೆಚ್ಚಗಿನ ಹಳದಿ ಹಸಿರು, ನರಗಳ ಗೆರೆಗಳೂ ಕಾಣುತ್ತವೆ. ಈ ಎರಡೂ ಅಲ್ಲದೆ ನೆರಳಲ್ಲಿ ನಿಂತ ಎಲೆಯ ಹಸಿರು ಗಾಢ, ಕೆಳಗಿನ ಕೆಮ್ಮಣ್ಣಿನ ಕೆಂಪನ್ನು ತುಸು ಹೀರಿದ್ದು. ಈ ಮೂರನ್ನು ಮೂರು ಗುಡ್ಡೆಯಾಗಿ ಪ್ಯಾಲೆಟ್ ಮೇಲೆ ಮೊದಲೇ ಕಲಸಿಟ್ಟುಕೊಂಡು ಆಮೇಲೆ ಬ್ರಷ್ ಎತ್ತಿ. ಬಾಳೆ ಎಲೆ ಹಸಿರು ಎಂದು ಒಂದೇ ಬಣ್ಣ ಕಲಸಿ ಅದಕ್ಕೆ ಬಿಳಿ, ಕಪ್ಪು ಸೇರಿಸಿ ಬೆಳಕು ನೆರಳು ಮಾಡಿದರೆ ಅಂಗಡಿಯ ಕೃತಕ ಬಾಳೆಗಿಡ ಆಗುತ್ತದೆ.

ನೀರಿಗೆ ಬರೋಣ. ನಿಮ್ಮ ನೋಟದಲ್ಲಿ ಎಲ್ಲಕ್ಕಿಂತ ಒಳ್ಳೆಯ ಜಾಗ ಅದು, ಅದನ್ನೇ ಕೆಡಿಸಿದ್ದೀರಿ. ನೀರಿಗೆ ಸ್ವಂತ ಬಣ್ಣ ಇಲ್ಲವೆಂದೇ ಇಟ್ಟುಕೊಳ್ಳಿ. ಗದ್ದೆಯ ಅಂಚಿಗೆ ಹೋಗಿ ನಿಂತು ಕಾಲ ಬುಡದ ನೀರು ನೋಡಿ. ನೋಟ ಮೇಲಿನಿಂದ ಇಳಿಯುತ್ತದೆ, ನೀರಿನೊಳಕ್ಕೆ ಹೋಗುತ್ತದೆ, ಅಡಿಯ ಕೆಸರು ಕಾಣುತ್ತದೆ. ಅಲ್ಲಿ ನೀರೆಂದರೆ ಸಿಯೆನ್ನಾ, ಓಕರ್, ತುಸು ನೀಲಿ. ಈಗ ಕಣ್ಣನ್ನು ನಿಧಾನವಾಗಿ ಆಚೆ ದಡದ ಕಡೆ ಎತ್ತಿ. ನೋಟ ಓರೆಯಾದಷ್ಟೂ ನೀರು ಕನ್ನಡಿಯಾಗುತ್ತಾ ಹೋಗುತ್ತದೆ, ಕೆಸರು ಮುಚ್ಚಿಹೋಗಿ ಆಕಾಶ ಬರುತ್ತದೆ. ಆಚೆ ದಡದ ಬುಡದಲ್ಲಿ ತೋಟದ ಗಾಢ ನೆರಳು ತಲೆಕೆಳಗಾಗಿ ನಿಂತಿರುತ್ತದೆ. ನೀರಿನಲ್ಲಿ ಬಿದ್ದ ಆಕಾಶ ಮೇಲಿನ ಆಕಾಶಕ್ಕಿಂತ ತುಸು ಗಾಢ. ನೀರಿನಲ್ಲಿ ಬಿದ್ದ ತೋಟ ಮೇಲಿನ ತೋಟಕ್ಕಿಂತ ತುಸು ತಿಳಿ, ಕೆಸರು ನೀರಾದರೆ ಇನ್ನೂ ತಿಳಿ. ಹೀಗೆ ಹತ್ತಿರದ ಮಣ್ಣಿನಿಂದ ದೂರದ ಆಕಾಶಕ್ಕೆ ಒಂದೇ ಗದ್ದೆಯಲ್ಲಿ ಬಣ್ಣ ಜಾರಿ ಹೋಗಬೇಕು. ಆ ಜಾರುವಿಕೆ ಬಂತೆಂದರೆ ನೋಡುವವನು ನಿಮ್ಮ ಅಂಚಿನ ಮೇಲೆ ಬಂದು ನಿಂತ ಹಾಗೆ. ಹಚ್ಚುವಾಗ ಪ್ರತಿಬಿಂಬವನ್ನು ಮೇಲಿನಿಂದ ಕೆಳಕ್ಕೆ ನೇರವಾಗಿ ಎಳೆಯಿರಿ, ಆಮೇಲೆ ಒಣ ಬ್ರಷ್ಷಿನಿಂದ ಅಡ್ಡಕ್ಕೆ ಒಂದೇ ಸಲ ಹಗುರಾಗಿ ಸವರಿ. ಎರಡನೇ ಸಲ ಸವರಿದರೆ ಎಲ್ಲಾ ಕಲಸಿಹೋಗುತ್ತದೆ. ಗಾಳಿ ಬೀಸಿದ ಕಡೆ ತಿಳಿ ಗೆರೆ ಬೇಕಾದರೆ ಅದು ಕೊನೆಗೆ, ಅದೂ ಒಂದೆರಡು.

ಹೊರಗೋ ಒಳಗೋ ಎನ್ನುವ ಪ್ರಶ್ನೆಗೆ ಜಗುಲಿ ಇದ್ದವರು ಚಿಂತೆ ಮಾಡಬೇಕಿಲ್ಲ. ಮಳೆಗಾಲದ ಮೋಡ ನಿಮಗೆ ಶತ್ರು ಎಂದು ತಿಳಿಯಬೇಡಿ. ಬಿಸಿಲಿನ ದಿನ ಎರಡು ತಾಸಿನಲ್ಲಿ ನೆರಳೆಲ್ಲ ಜಾಗ ಬದಲಿಸುತ್ತದೆ, ಮೋಡದ ದಿನ ಬೆಳಕು ಹೆಚ್ಚು ಹೊತ್ತು ಒಂದೇ ಸಮ. ಅಂಗೈ ಅಗಲದ ಬೋರ್ಡು ಇಟ್ಟುಕೊಂಡು ಜಗುಲಿಯಲ್ಲೇ ಅಧ್ಯಯನ ಮಾಡಿ. ವಿವರ ಬೇಡ, ನಾಲ್ಕೈದು ದೊಡ್ಡ ಆಕಾರ, ಅವುಗಳ ಸರಿಯಾದ ಬಣ್ಣ, ಅಷ್ಟೇ. ಫೋಟೋ ತೆಗೆದುಕೊಳ್ಳಿ, ಆದರೆ ಆಕಾರಕ್ಕೆ ಮಾತ್ರ ನಂಬಿ. ಮೊಬೈಲು ಆಕಾಶವನ್ನು ಉಳಿಸಲು ಹೋಗಿ ತೋಟವನ್ನು ಕಪ್ಪು ಮಾಡುತ್ತದೆ, ಇಲ್ಲವೇ ಎರಡನ್ನೂ ಎಳೆದು ಒಂದೇ ಸಮ ಮಾಡುತ್ತದೆ. ಹಸಿರನ್ನಂತೂ ತನಗೆ ತೋಚಿದ ಹಾಗೆ ಹೆಚ್ಚಿಸುತ್ತದೆ. ನಿಮ್ಮ ಪ್ಲಾಸ್ಟಿಕ್ಕಿನಲ್ಲಿ ಮೊಬೈಲಿನ ಪಾಲೂ ಇದೆ. ದೊಡ್ಡ ಚಿತ್ರ ಒಳಗೆ ಕೂತೇ ಮಾಡಿ. ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ ತನ್ನ ಊರ ಹೊಳೆಯಲ್ಲಿ ಗಾಡಿ ನಿಂತ ‘ದ ಹೇ ವೇನ್’ ಎಂಬ ಹೆಸರಾಂತ ಚಿತ್ರವನ್ನು 1821ರಲ್ಲಿ ಲಂಡನ್ನಿನ ಕೋಣೆಯಲ್ಲೇ ಬರೆದದ್ದು, ಊರಿನಲ್ಲಿ ಮಾಡಿಟ್ಟುಕೊಂಡಿದ್ದ ಸಣ್ಣ ಅಧ್ಯಯನಗಳನ್ನು ನೋಡಿಕೊಂಡು. ಅದೇ ಹೊತ್ತಿನಲ್ಲಿ, 1821-22ರಲ್ಲಿ, ಲಂಡನ್ನಿನ ಹತ್ತಿರದ ಹ್ಯಾಂಪ್‌ಸ್ಟೆಡ್ಡಿನಲ್ಲಿ ಕೂತು ಬರೀ ಮೋಡಗಳನ್ನು ಎಣ್ಣೆ ಬಣ್ಣದಲ್ಲಿ ಬರೆದ. ಹಿಂಬದಿಗೆ ತಾರೀಖು, ಹೊತ್ತು, ಗಾಳಿ ಯಾವ ಕಡೆಯಿಂದ ಎಂದು ಗುರುತು ಹಾಕಿದ. ಆಗ ತವರದ ಟ್ಯೂಬು ಸಹ ಇರಲಿಲ್ಲ. ಅದು ಬಂದದ್ದು 1841ರಲ್ಲಿ, ಅಲ್ಲಿಯವರೆಗೆ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದರು. ನಮಗೆ ಟ್ಯೂಬೂ ಇದೆ, ಜಗುಲಿಯೂ ಇದೆ.

ಅವನಿಂದಲೇ ಕಲಿಯಬಹುದಾದ ಇನ್ನೊಂದು: ಬಿಳಿ ಬೋರ್ಡಿನ ಮೇಲೆ ನೇರವಾಗಿ ಶುರು ಮಾಡಬೇಡಿ. ಸಿಯೆನ್ನಾವನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ಇಡೀ ಬೋರ್ಡಿಗೆ ಬಳಿದು ಒರೆಸಿ, ಒಣಗಲು ಬಿಡಿ. ಹಸಿರಿನ ಸಂದುಗಳಲ್ಲಿ ಆ ಕೆಂಪು ಇಣುಕುತ್ತಿದ್ದರೆ ಹಸಿರು ಹದಕ್ಕೆ ಬರುತ್ತದೆ. ನಿಮ್ಮ ನೆಲದ ಮಣ್ಣು ಹೇಗೂ ಕೆಂಪು. ನಮ್ಮ ಕಡೆ ಕರಿ ಎರೆ, ಜೋಳದ ಹೊಲ. ನಾನು ಬೂದು ನೆಲ ಬಳಿಯುತ್ತೇನೆ.

ನೋಡುವ ಚಟ ಬೆಳೆಸಿಕೊಳ್ಳಿ. ಬೆಂಗಳೂರಿಗೆ ಹೋದರೆ ರುಮಾಲೆ ಚನ್ನಬಸವಯ್ಯನವರ ಚಿತ್ರಗಳನ್ನು ನೋಡಿ. ಅವರದು ನಿಮಗೆ ಬೇಕಾದ ತದ್ರೂಪ ಶೈಲಿಯಲ್ಲ, ಬಣ್ಣ ಬಹಳ ಉಕ್ಕುತ್ತದೆ. ಆದರೆ ಸ್ಥಳದಲ್ಲೇ ನಿಂತು ಬರೆದವರ ಕಣ್ಣು ಹೇಗಿರುತ್ತದೆ ಎನ್ನುವುದು ತಿಳಿಯುತ್ತದೆ. ಕಲಾವಿದ ಕೆ. ವೆಂಕಟಪ್ಪನವರ ಊಟಿ ಚಿತ್ರಗಳು ಜಲವರ್ಣ, ಆದರೂ ಮಂಜು, ದೂರ, ಗುಡ್ಡ ಕಲಿಯಲು ನಮ್ಮಲ್ಲಿ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಇಬ್ಬರ ಚಿತ್ರಗಳ ಮುಂದೆಯೂ ಕಣ್ಣು ಕಿರಿದು ಮಾಡಿ ನಿಲ್ಲಿ.

ಅಗಸೆಹೂ:

ಮಾಸ್ತರರು ಬಣ್ಣದ್ದು ಹೇಳಿದರು, ನಾನು ಒಣಗುವ ವಿಷಯ ಹೇಳುತ್ತೇನೆ. ನಾನು ರಸಾಯನಶಾಸ್ತ್ರ ಕಲಿಸುವವಳು, ತವರು ಗದಗ, ಈಗ ಇರುವುದು ಮಂಗಳೂರು. ನಿಮ್ಮಂಥದ್ದೇ ಮಳೆ.

ತೈಲವರ್ಣ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಚಳಿ, ತೇವ, ಕತ್ತಲೆ ಮೂರೂ ಇದನ್ನು ನಿಧಾನ ಮಾಡುತ್ತವೆ. ವರ್ಣದ್ರವ್ಯದ ಮೇಲೂ ಹೋಗುತ್ತದೆ: ಅಂಬರ್ ಎಂಬ ಕಂದು ಮಣ್ಣಿನ ಬಣ್ಣಗಳಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ, ಟೈಟಾನಿಯಂ ಬಿಳಿ ಮತ್ತು ಐವರಿ ಬ್ಲ್ಯಾಕ್ ತಡ. ನಿಮ್ಮ ಬಿಳಿ ಸೇರಿದ ಭಾಗಗಳು ಅಂಟುತ್ತಿರುವುದು ಹಾಗಾಗಿ ಸಹಜವೇ. ಕೆಳ ಪದರವನ್ನು ತೆಳ್ಳಗೆ, ಎಣ್ಣೆ ಕಡಿಮೆ ಇರುವಂತೆ ಹಚ್ಚಿ. ಮೇಲಿನ ಪದರಗಳಲ್ಲಿ ಎಣ್ಣೆ ಹೆಚ್ಚುತ್ತಾ ಹೋಗಲಿ. ತಿರುವುಮುರುವಾದರೆ ಮೇಲ್ಪದರ ಮೊದಲು ಬಿಗಿದು, ಕೆಳಗಿನದು ಆಮೇಲೆ ಅಲುಗಾಡಿ, ಬಿರುಕು ಬಿಡುತ್ತದೆ. ಅವಸರವಿದ್ದರೆ ಬಣ್ಣಕ್ಕೆ ಬೆರೆಸಿ ಬೇಗ ಒಣಗಿಸುವ ಆಲ್ಕಿಡ್ ಮೀಡಿಯಂ ತೆಗೆದುಕೊಳ್ಳಿ. ಕೋಬಾಲ್ಟ್ ಡ್ರೈಯರನ್ನು ಕಂಡಾಬಟ್ಟೆ ಹಾಕಿದರೆ ಅದರಿಂದಲೂ ಬಿರುಕು ಬರುತ್ತದೆ.

ಸೀಮೆಎಣ್ಣೆ ಬಣ್ಣಕ್ಕೆ ಬೇಡವೇ ಬೇಡ, ಜಿಡ್ಡು ಉಳಿಸಿ ಹೋಗುತ್ತದೆ. ತೆಂಗಿನೆಣ್ಣೆ, ಶೇಂಗಾ ಎಣ್ಣೆ ಒಣಗುವ ಜಾತಿಯವಲ್ಲ, ಅವೂ ಬೇಡ. ಗಾಣದ ಅಗಸೆ ಎಣ್ಣೆ ಒಳ್ಳೆಯದಲ್ಲವೇ ಎಂದು ನನ್ನ ತವರಿನ ಕಡೆಯವರು ಕೇಳುತ್ತಾರೆ. ಅದರಲ್ಲಿ ಲೋಳೆಯಂಥ ಅಂಶ ಉಳಿದಿರುತ್ತದೆ, ಶುದ್ಧಿ ಮಾಡದೆ ಬಳಸುವಂತಿಲ್ಲ. ಅಗಸೆಯನ್ನು ಚಟ್ನಿಪುಡಿಗೆ ಇಟ್ಟುಕೊಂಡು ಚಿತ್ರಕ್ಕೆ ಶುದ್ಧೀಕರಿಸಿದ್ದನ್ನು ಅಂಗಡಿಯಿಂದ ತನ್ನಿ. ಬಚ್ಚಲ ಒಲೆಯ ಹತ್ತಿರವೂ ಇಡಬೇಡಿ, ಹಸಿ ಬಣ್ಣಕ್ಕೆ ಮಸಿ ಕೂರುತ್ತದೆ. ಬೆಳಕಿರುವ, ಗಾಳಿಯಾಡುವ ಕೋಣೆಯಲ್ಲಿ ಗೋಡೆಗೆ ತಾಗದಂತೆ ನಿಲ್ಲಿಸಿ. ಕತ್ತಲೆಯಲ್ಲಿಟ್ಟರೆ ಎಣ್ಣೆ ಹಳದಿಗೆ ತಿರುಗುತ್ತದೆ, ಬೂಷ್ಟೂ ಹಿಡಿಯುತ್ತದೆ. ಕೊನೆಯ ವಾರ್ನಿಷ್‌ಗೆ ಆರು ತಿಂಗಳಾದರೂ ಕಾಯಿರಿ, ದಪ್ಪ ಹಚ್ಚಿದ್ದರೆ ಒಂದು ವರ್ಷ.

ಎಲ್ಲಕ್ಕಿಂತ ಮುಖ್ಯವಾದದ್ದು ಒರೆಸುವ ಬಟ್ಟೆ. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಎಣ್ಣೆ ಗಟ್ಟಿಯಾಗುವಾಗಿನ ಶಾಖ ಒಳಗೇ ಕೂಡಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೆದರಿಸಲು ಹೇಳುತ್ತಿಲ್ಲ, ಇದು ನಿಜವಾಗಿ ಆಗುವಂಥದ್ದು. ಹುಲ್ಲು, ಅಡಿಕೆ ಸಿಪ್ಪೆ ಒಟ್ಟಿರುವ ಕೊಟ್ಟಿಗೆಯಿರುವ ಮನೆ ನಿಮ್ಮದು. ಬಟ್ಟೆಯನ್ನು ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಹಾಕಿಡಿ. ಟರ್ಪೆಂಟೈನ್ ಇರುವ ಕೋಣೆಯ ಕಿಟಕಿ ತೆರೆದಿರಲಿ. ಎಲೆ ಅಡಿಕೆ ಹಾಕುವ ಅಭ್ಯಾಸವಿದ್ದರೆ ಚಿತ್ರ ಬರೆಯುವಾಗ ಬೇಡ. ಅಸಲಿ ಕ್ಯಾಡ್ಮಿಯಂ ಬಣ್ಣ ಬೆರಳಿನಿಂದ ಬಾಯಿಗೆ ಹೋಗುವುದು ಒಳ್ಳೆಯದಲ್ಲ. ಟ್ಯೂಬಿನ ಮೇಲೆ ‘ಹ್ಯೂ’ ಎಂದಿದ್ದರೆ ಅದು ಬದಲಿ ಬಣ್ಣ, ಕ್ಯಾಡ್ಮಿಯಂ ಅಲ್ಲ. ಕಲಿಯಲು ಅದೇ ಸಾಕು.

ಗದ್ದೆಯಂಚು:

ಮಾಸ್ತರರೇ, ಮೇಡಂ, ಪರದೆಪೇಂಟರ್ ಸರ್, ಮೂವರಿಗೂ ಧನ್ಯವಾದ. ಬಟ್ಟೆಯ ವಿಷಯ ಓದಿ ಮನೆಯವಳು ಮೊದಲು ಎದ್ದು ಹೋಗಿ ಮೂಲೆ ಖಾಲಿ ಮಾಡಿದಳು. ರಟ್ಟಿನ ತೂತಿನಿಂದ ನೋಡಿದೆ. ಕೊನೆಯ ಗುಡ್ಡದಲ್ಲಿ ನಿಜವಾಗಿಯೂ ಹಸಿರಿಲ್ಲ. ಇಷ್ಟು ವರ್ಷ ದಿನವೂ ಎದ್ದು ನೋಡುತ್ತಿದ್ದ ಗುಡ್ಡ ಅದು! ಸಣ್ಣ ಬೋರ್ಡಿನ ಮೇಲೆ ನಾಲ್ಕೇ ಬಣ್ಣದಲ್ಲಿ ಮಾಡಿದ್ದನ್ನು ಹಾಕಿದ್ದೇನೆ, ಕಪ್ಪು-ಬಿಳುಪಿನದೂ ಪಕ್ಕದಲ್ಲಿದೆ.

ಈಗ ಇನ್ನೊಂದು ಅನುಮಾನ. ದೊಡ್ಡ ಚಿತ್ರದಲ್ಲಿ ನಾಟಿ ಮಾಡುವ ಹೆಂಗಸರನ್ನು ಹಾಕಬೇಕೆಂದಿದ್ದೇನೆ. ಹಾಕಿದರೆ ಗೊಂಬೆಗಳ ಹಾಗೆ ಆಗುತ್ತಾರೆ, ಗಾತ್ರವೂ ಸರಿಯಾಗುವುದಿಲ್ಲ. ಮತ್ತೆ ನಮ್ಮಲ್ಲಿ ಈಗ ಗೊರಬು (ಬಿದಿರು, ಎಲೆಯ ಮಳೆ ಹೊದಿಕೆ) ಹಾಕುವವರೇ ಇಲ್ಲ, ಎಲ್ಲರೂ ನೀಲಿ ಪ್ಲಾಸ್ಟಿಕ್ ಕೊಪ್ಪೆ. ಚಿತ್ರಕ್ಕಾದರೂ ಗೊರಬು ಹಾಕಿಸಲೇ? ನೋಟದ ನಡುವೆ ಒಂದು ವಿದ್ಯುತ್ ಕಂಬವೂ ಇದೆ, ತೆಗೆದುಬಿಡಲೇ?

ಪರದೆಪೇಂಟರ್:

ಮೊದಲಿನದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಸರ್. ತೋಟ ಈಗ ಕೂತಿದೆ. ಕೊಟ್ಟಿಗೆಯ ಹಂಚನ್ನು ಮಾತ್ರ ಇನ್ನೂ ಎಣಿಸುತ್ತಿದ್ದೀರಿ. ಅಂಚಿನಲ್ಲಿ ಎರಡು ಸಾಲು ಹಂಚು ತೋರಿಸಿದರೆ ಸಾಕು.

ಎರೆಮಣ್ಣು:

ನೀರು ಜಾರಿದೆ, ಭೇಷ್. ಆಕಾಶ ಇನ್ನೂ ತುಸು ಕಪ್ಪಾಗಿದೆ. ಮಳೆ ಮೋಡ ಕಪ್ಪು ಎಂದು ತಲೆ ಹೇಳುತ್ತಿರುತ್ತದೆ. ರಟ್ಟು ಹಿಡಿದು ಆ ಮೋಡವನ್ನು ಗದ್ದೆಯ ಅಂಚಿನ ಹುಲ್ಲಿಗೆ ಹೋಲಿಸಿ ನೋಡಿ.

ಗಾತ್ರಕ್ಕೆ ಒಂದೇ ನಿಯಮ ಸಾಕು. ಕ್ಷಿತಿಜರೇಖೆ ಎಂದರೆ ನಿಮ್ಮ ಕಣ್ಣಿನ ಮಟ್ಟ. ಗುಡ್ಡ ಅಡ್ಡ ಬಂದು ಅದು ಕಾಣದಿದ್ದರೂ ಚಿತ್ರದ ಮೇಲೆ ಪೆನ್ಸಿಲಿನಲ್ಲಿ ಎಳೆದುಕೊಳ್ಳಿ. ನೀವು ಗದ್ದೆಯ ಮಟ್ಟದಲ್ಲೇ ನಿಂತಿದ್ದರೆ, ನಿಮ್ಮಷ್ಟೇ ಎತ್ತರದ ಜನ ಹತ್ತಿರ ನಿಂತಿರಲಿ ದೂರ ನಿಂತಿರಲಿ, ಕಣ್ಣು ಅದೇ ಗೆರೆಯ ಮೇಲೆ ಬರುತ್ತದೆ. ಪಾದ ಮಾತ್ರ ಮೇಲೆ ಕೆಳಗೆ. ನಿಮ್ಮದು ಜಗುಲಿ, ಎತ್ತರದ ಜಾಗ, ಗದ್ದೆಯೂ ಕೆಳಗಿನದು. ಆದ್ದರಿಂದ ಎಲ್ಲರೂ ಗೆರೆಯ ಕೆಳಗೇ ಬರಬೇಕು. ಗದ್ದೆಯಲ್ಲಿ ಒಂದು ಕಡೆ ಒಬ್ಬರನ್ನು ನಿಲ್ಲಿಸಿ ಪಾದದಿಂದ ಗೆರೆಯವರೆಗಿನ ದೂರದಲ್ಲಿ ಅವರ ಎತ್ತರ ಎಷ್ಟು ಪಾಲು ಎಂದು ಬ್ರಷ್ಷಿನ ಹಿಡಿಯಿಂದ ಅಳೆದುಕೊಳ್ಳಿ. ಸಮತಟ್ಟಾದ ಆ ಗದ್ದೆಯಲ್ಲಿ ಎಲ್ಲಿ ನಿಂತವರಿಗೂ ಅದೇ ಪಾಲು. ಬಾಗಿ ನಾಟಿ ಮಾಡುವವರಿಗೆ ಅದರ ಅರ್ಧಕ್ಕಿಂತ ತುಸು ಹೆಚ್ಚು.

ಗೊಂಬೆಯಾಗುವುದು ಕಣ್ಣು, ಮೂಗು, ಬೆರಳು ಬರೆಯಲು ಹೋಗುವುದರಿಂದ. ಆ ದೂರದಲ್ಲಿ ಮುಖ ಕಾಣುವುದಿಲ್ಲ. ಬಾಗಿದ ಬೆನ್ನು, ಎತ್ತಿ ಕಟ್ಟಿದ ಸೀರೆ, ನೀರಿನಲ್ಲಿ ಮುಳುಗಿದ ಮುಂಗೈ, ಕೆಳಗೆ ಒಂದು ಮುರಿದ ಪ್ರತಿಬಿಂಬ. ಒಬ್ಬರಿಗೆ ಐದಾರು ಬ್ರಷ್ ಗುರುತು, ಮುಗಿಯಿತು. ನಾಟಿಯ ಸಾಲಿನಲ್ಲಿ ಎಲ್ಲರೂ ಸಮನಾದ ಅಂತರದಲ್ಲಿ ಇರುವುದಿಲ್ಲ. ಇಬ್ಬರು ಮಾತಾಡುತ್ತಾ ಹತ್ತಿರವಾಗಿರುತ್ತಾರೆ, ಒಬ್ಬಳು ಹಿಂದೆ ಬಿದ್ದಿರುತ್ತಾಳೆ, ಇನ್ನೊಬ್ಬಳು ಸೊಂಟ ಹಿಡಿದು ನೆಟ್ಟಗೆ ನಿಂತಿರುತ್ತಾಳೆ. ಅಂಚಿನ ಮೇಲೆ ಸಸಿಯ ಕಟ್ಟು ಎಸೆಯುವವನೊಬ್ಬ. ಜಗುಲಿಯಲ್ಲಿ ಕೂತು ಪೆನ್ಸಿಲಿನಲ್ಲಿ ಈ ಭಂಗಿಗಳನ್ನು ತುಂಬಾ ಗೀಚಿಕೊಳ್ಳಿ. ನಾಟಿ ಮುಗಿದರೆ ಮತ್ತೆ ಒಂದು ವರ್ಷ ಕಾಯಬೇಕು. ಬಣ್ಣ ಚಳಿಗಾಲದಲ್ಲೂ ಹಚ್ಚಬಹುದು.

ಗೊರಬು ಹಾಕಿಸಬೇಡಿ. ಕ್ಯಾಲೆಂಡರು ಬೇಡ ಎಂದವರು ನೀವೇ. ನೀಲಿ ಪ್ಲಾಸ್ಟಿಕ್ ಹೊದ್ದು ನಾಟಿ ಮಾಡುತ್ತಿದ್ದರೆ ನೀಲಿ ಪ್ಲಾಸ್ಟಿಕ್ಕನ್ನೇ ಬರೆಯಿರಿ. ಚಿತ್ರದ ಲೆಕ್ಕದಲ್ಲೂ ಅದು ಲಾಭವೇ. ಇಡೀ ಬೋರ್ಡಿನಲ್ಲಿ ಹಸಿರು, ಕಂದು, ಬೂದು ಇರುವಾಗ ನಡುವೆ ಅಷ್ಟು ಚೂರು ಗಟ್ಟಿ ನೀಲಿ ಬಿದ್ದರೆ ಸುತ್ತಲಿನ ಹಸಿರಿಗೆ ಬೆಚ್ಚನೆ ಬರುತ್ತದೆ. ಬೆನ್ನಿನ ಮೇಲ್ಭಾಗ ಆಕಾಶಕ್ಕೆ ತೆರೆದಿರುವುದರಿಂದ ಅಲ್ಲಿ ನೀಲಿಗೆ ಬಿಳಿ ಸೇರಿಸಿ, ಪಕ್ಕೆಯಲ್ಲಿ ಬರೀ ಅಲ್ಟ್ರಾಮರೀನ್, ತುಸು ಸಿಯೆನ್ನಾ. ಎಲ್ಲರಿಗೂ ಒಂದೇ ನೀಲಿ ಬೇಡ, ಹಳೆಯ ಗೊಬ್ಬರದ ಚೀಲ ಕೊಪ್ಪೆ ಮಾಡಿಕೊಂಡವರೂ ಇರುತ್ತಾರೆ, ನೋಡಿ.

ಕಂಬ ಇರಲಿ. ಆದರೆ ಅದು ಬೋರ್ಡಿನ ನಟ್ಟನಡುವೆ ನಿಂತು ಚಿತ್ರವನ್ನು ಎರಡು ಹೋಳು ಮಾಡುತ್ತಿದೆ. ನೀವೇ ಜಗುಲಿಯ ಬಲತುದಿಗೆ ಸರಿದು ಕೂತು ನೋಡಿ, ಕಂಬ ಎಡಕ್ಕೆ ಹೋಗಿ ತೋಟದ ಕಪ್ಪಿನಲ್ಲಿ ಅರ್ಧ ಮುಳುಗಬಹುದು. ತಂತಿಯನ್ನು ಪೂರ್ತಿ ಎಳೆಯಬೇಡಿ, ಆಕಾಶದ ತಿಳಿಯಲ್ಲಿ ಅಲ್ಲಲ್ಲಿ ಕಳೆದುಹೋಗಲಿ. ಅಲ್ಲಿಂದ ಸಣ್ಣ ಬೋರ್ಡಿನಲ್ಲಿ ಇನ್ನೊಂದು ಮಾಡಿ ಹಾಕಿ, ದೊಡ್ಡದಕ್ಕೆ ಕೈ ಹಾಕುವ ಮೊದಲು.